ಮಡಿಕೋಲಿಗೆ ಏರಿಸಿದ ಬೆಂಕಿ ಕಂಬಳಿ

ಬೆರಳಿಗೆ ಹಾಲಿನ ಪಸೆ ಮುಟ್ಟಿಸಿಕೊಂಡು ಹೂಬತ್ತಿ ಹೊಸೆಯುತ್ತಿದ್ದೆ. ಕಾರ್ತಿಕಕ್ಕೆ ಇನ್ನೂ ಎಷ್ಟೋ ಬೇಕಿತ್ತು. ಆಗ ಫೋನ್ ಬಂತು. ಶೃಂಗೇರಿಯಿಂದ, ನನ್ನ ಯಜಮಾನರ ಅಕ್ಕನ ಮನೆಯಿಂದ. ಹಿಂದಿನ ಒಲೆಯ ಮೇಲಿದ್ದ ಪಾತ್ರೆ ಇಳಿಸಲು ಹೋದಾಗ ಮುಂದಿನ ಒಲೆಯ ಉರಿ ಅತ್ತಿಗೆಯ ಸೆರಗಿಗೆ ಹತ್ತಿತ್ತಂತೆ.

"ಜೀವಕ್ಕೆ ಎಂತ ಇಲ್ಲ ಅಲ್ದಾ? ಅದನ್ನ ಮೊದಲು ಕೇಳು" ಎಂದರು ನನ್ನ ಅತ್ತೆ. ಅತ್ತಿಗೆ ಅವರ ಹಿರಿಯ ಮಗಳು.

ಜೀವಕ್ಕೆ ಏನೂ ಆಗಿರಲಿಲ್ಲ. ಬಿಸಿಲಿಗೆ ಹಾಕಿದ್ದ ಕಂಬಳಿ ಜಗಲಿಯಲ್ಲೇ ಇತ್ತು, ಅವರ ಯಜಮಾನರು ಅದನ್ನೇ ಎಳೆದು ಸುತ್ತಿ ನೆಲಕ್ಕೆ ಹೊರಳಿಸಿದ್ದರು. ಬಲಗೈ ಮೊಣಕೈವರೆಗೆ ಬೆಂದಿತ್ತು. ಮುಖಕ್ಕೆ ತಾಗಿರಲಿಲ್ಲ. ಆ ದಿನ ಕಂಬಳಿ ಬಿಸಿಲಿಗೆ ಹಾಕುವ ಬುದ್ಧಿ ಕೊಟ್ಟವಳು ತಾಯಿ ಶಾರದೆಯೇ ಎಂದು ನಾನು ಇವತ್ತಿಗೂ ನಂಬುತ್ತೇನೆ.

ಗಾಯ ಮಾಗಿದ ಮೇಲೆ ಅತ್ತಿಗೆ ಕೊಪ್ಪಕ್ಕೆ, ನಮ್ಮ ಮನೆಗೆ ಬಂದರು. ಬೆರಳು ಐದೂ ಮಡಚುತ್ತಿದ್ದವು. ಅದೂ ದೇವರ ದಯೆ. ಆದರೆ ನಾನು ಕಡ್ಡಿ ಗೀರಿದ ಸದ್ದು ಕೇಳಿದರೆ ಸಾಕು, ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಮಿಂದು, ಮಡಿಯುಟ್ಟು, ತುಳಸಿಗೆ ನೀರು ಹೂವು ಎಲ್ಲ ಆಗುತ್ತಿತ್ತು. ದೀಪ ಮಾತ್ರ ನಾನು ಹಚ್ಚಬೇಕು. ಹದಿನೈದು ದಿನಕ್ಕೆಂದು ಬಂದವರು ಎರಡು ತಿಂಗಳಾದರೂ ಹೊರಡಲಿಲ್ಲ. ಅಲ್ಲಿ ಅವರ ಯಜಮಾನರಿಗೆ ಗಂಜಿ ಬಿಟ್ಟರೆ ಬೇರೆ ಬೇಯಿಸಲು ಬಾರದು.

"ದೀಪ ಹಚ್ಚಲಿಕ್ಕಾಗದ ಕೈ ಇಟ್ಟುಕೊಂಡು ಆ ಮನೆಗೆ ಎಂತಕ್ಕೆ ಹೋಗ್ಲಿ ಮಾರಾಯ್ತಿ?" ಎಂದರು ಒಮ್ಮೆ.

ನಮ್ಮವರು ಆಗ ನರಸಿಂಹರಾಜಪುರದ ಶಾಲೆಯಲ್ಲಿ ಮೇಷ್ಟ್ರು. ಅಗ್ನಿಶಾಮಕದವರು ಶಾಲೆಗೆ ಬಂದು ಬೆಂಕಿ ಆರಿಸುವ ಕಂಬಳಿ ತೋರಿಸಿದ್ದರಂತೆ. ಹೇಗೋ ಶಿವಮೊಗ್ಗದಿಂದ ಎರಡು ಕೆಂಪು ಪೊಟ್ಟಣ ತರಿಸಿದರು. ಒಂದು ಪರೀಕ್ಷೆಗೆ, ಒಂದು ಅಕ್ಕನ ಮನೆಗೆ.

"ಉಣ್ಣೆಯದ್ದಾ?" ಅತ್ತೆ ಕೇಳಿದರು.

"ಅಲ್ಲಮ್ಮ, ಗಾಜಿನ ನೂಲು."

"ಉಣ್ಣೆಗೆ ಮೈಲಿಗೆ ಇಲ್ಲ, ರೇಷ್ಮೆಯೂ ನಡೀತದೆ. ಗಾಜಿನ ಬಟ್ಟೆ ಮಡಿಯೋ ಮೈಲಿಗೆಯೋ ಯಾರನ್ನ ಕೇಳುದು ಮಾಣಿ?"

ಅಡುಗೆಮನೆಗೆ ಬರುವ ವಸ್ತು, ಮಡಿಯಲ್ಲೇ ಇರಲಿ ಎಂದುಕೊಂಡೆ ನಾನು. ಮರುದಿನ ಮಿಂದು ಬಂದು, ಎರಡಕ್ಕೂ ನೀರು ಪ್ರೋಕ್ಷಿಸಿ, ಅಡುಗೆಮನೆಯ ಮಾಡಿಗೆ ತೂಗುಹಾಕಿದ ಮಡಿಕೋಲಿಗೆ, ಅತ್ತೆಯ ಮಡಿಸೀರೆಯ ಪಕ್ಕ ದಾರದಲ್ಲಿ ನೇತುಹಾಕಿದೆ. ಮಿಂದವರಲ್ಲದೆ ಯಾರೂ ಮುಟ್ಟದ ಜಾಗ ಅದು. ಎಂಥ ಒಳ್ಳೆ ಕೆಲಸ ಮಾಡಿದೆ ಎಂದು ನನಗೇ ಹೆಮ್ಮೆ.

ಭಾನುವಾರ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೇ ಬಾಣಲೆಗೆ ಎಣ್ಣೆ, ಚಿಂದಿ ಹಾಕಿದರು ನಮ್ಮವರು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಎಂತ ಮೇಷ್ಟ್ರೇ, ಹಿತ್ತಲಲ್ಲಿ ಹೋಮವಾ?" ಎಂದರು.

ಮೊದಲು ತುಂಡುಗಳ ಪರೀಕ್ಷೆ. ಇಕ್ಕಳದಲ್ಲಿ ಹಿಡಿದ ಪಾಲಿಯೆಸ್ಟರ್ ಸೀರೆಯ ಚೂರು ಕರಗಿ ತೊಟ್ಟಿಕ್ಕಿತು. ಹತ್ತಿಯ ಚೂರು ಭಗ್ಗೆಂದಿತು. ಹಳೇ ಉಣ್ಣೆ ಕಂಬಳಿಯ ಚೂರು ಕೂದಲು ಸುಟ್ಟ ನಾತ ಬಿಟ್ಟು ತಾನಾಗಿಯೇ ಆರಿತು. ಅತ್ತಿಗೆ ತುಳಸಿಕಟ್ಟೆಯ ಹತ್ತಿರ ನಿಂತು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ನೋಡುತ್ತಿದ್ದರು.

ಆಮೇಲೆ ಬಾಣಲೆಗೆ ಕಡ್ಡಿ ಬಿತ್ತು. ಉರಿ ಸೊಂಟದೆತ್ತರ ಎದ್ದಿತು. "ಕಂಬಳಿ ತಾ!" ಎಂದರು ನಮ್ಮವರು. ನಾನು ಓಡಿದೆ, ಅಡುಗೆಮನೆಯ ಹೊಸ್ತಿಲಲ್ಲಿ ಥಟ್ಟನೆ ನಿಂತೆ. ಕೊಟ್ಟಿಗೆ ಗುಡಿಸಿ ಬಂದವಳು, ಇನ್ನೂ ಮಿಂದಿರಲಿಲ್ಲ.

"ಮುಟ್ಟಬೇಡ! ಅದ್ರ ಪಕ್ಕ ನನ್ನ ಮಡಿಸೀರೆ ಉಂಟು!" ಅತ್ತೆ ಹಿತ್ತಲಿಂದಲೇ ಕೂಗಿದರು. ಅವರೂ ಪೇಟೆಗೆ ಹೋಗಿ ಬಂದಿದ್ದರು, ಮಡಿಯಲ್ಲಿರಲಿಲ್ಲ.

"ಬೆಂಕಿ ಬೀಳ್ತದೆ ಅಂತ ದಿನಾ ಮಿಂದು ಕಾಯ್ತಾ ಕೂರ್ಬೇಕಾ ಅಮ್ಮ?" ನಮ್ಮವರಿಗೆ ಸಿಟ್ಟು ಬಂದಿತ್ತು.

ಮಡಿಯಲ್ಲಿದ್ದವರು ಮನೆಯಲ್ಲಿ ಒಬ್ಬರೇ. ಅತ್ತಿಗೆ ನನ್ನನ್ನು ದಾಟಿ ಒಳಗೆ ಹೋದರು. ಕೋಲಿನಿಂದ ಒಂದು ಪೊಟ್ಟಣ ಇಳಿಸಿ ಹಿತ್ತಲಿಗೆ ತಂದರು. ತಮ್ಮನಿಗೆ ಕೊಡಲು ನೆಲಕ್ಕಿಡುತ್ತಾರೆ ಎಂದುಕೊಂಡೆ. ಇಡಲಿಲ್ಲ. ಬಾಣಲೆಯ ಕಡೆಗೇ ನಡೆದರು.

"ಕೆಳಗೆ ನೇತಾಡುವ ಎರಡು ಪಟ್ಟಿ ಜಗ್ಗು ಅಕ್ಕ, ಕಂಬಳಿ ಹೊರಗೆ ಬರ್ತದೆ. ಅಂಚು ಕೈಮೇಲೆ ಮಡಚಿಕೋ. ನಿನ್ನ ಬದಿಯಿಂದ ಆಚೆಗೆ ಹಾಸು" ಎಂದರು ನಮ್ಮವರು, ಮೆತ್ತಗೆ.

ಅತ್ತಿಗೆಯ ತುಟಿ ಅಲುಗುತ್ತಿತ್ತು. ಯಾವ ಸ್ತೋತ್ರವೋ. ಕಣ್ಣು ಮುಚ್ಚಲಿಲ್ಲ. ಹಾಸಿದರು. ಉರಿ ಮಾಯವಾಯಿತು, ಅಂಚಲ್ಲಿ ಸ್ವಲ್ಪ ಹೊಗೆ.

ಆರಿತಾ ನೋಡುವ ಎಂದು ನಮ್ಮವರು ಮೂಲೆ ಎತ್ತಿದರು. ಬುಸ್ಸೆಂದು ಮತ್ತೆ ಉರಿ.

"ಬಿಡಾ! ಅನ್ನ ಅರಳುವ ಮೊದಲು ಮುಚ್ಚಳ ತೆಗೀತಾರಾ ಯಾರಾದ್ರೂ?" ಅತ್ತಿಗೆ ಗದರಿಸಿ, ಮೂಲೆಯನ್ನು ಒಂದು ಸೌದೆ ತುಂಡಿನಿಂದ ತಾವೇ ಒತ್ತಿದರು. ಆ ಗದರಿಕೆ ಕೇಳಿ ಎಷ್ಟು ದಿನವಾಗಿತ್ತು!

ಅತ್ತೆ ಒಳಗಿನಿಂದ ಒಂದು ಹಪ್ಪಳ ತಂದು ಕಂಬಳಿಯ ಮೇಲಿಟ್ಟರು. ಅವರ ಪರೀಕ್ಷೆ ಅವರದು. "ಕಾವು ಮೇಲೆ ಬಂದ್ರೆ ಇದು ಅರಳ್ಬೇಕು." ಎಲ್ಲರೂ ಹಪ್ಪಳ ನೋಡುತ್ತ ನಿಂತೆವು. ಒಂದು ಗುಳ್ಳೆಯೂ ಏಳಲಿಲ್ಲ. ಅತ್ತಿಗೆ ಬೆಂದ ಕೈಯನ್ನು ಅದರ ಮೇಲೆ ಗೇಣು ಎತ್ತರದಲ್ಲಿ ಹಿಡಿದು, "ಬೆಚ್ಚಗುಂಟು, ಅಷ್ಟೇ" ಎಂದರು.

ಉಳಿದ ಪೊಟ್ಟಣವನ್ನು ಮಡಿಕೋಲಿನಿಂದ ಇಳಿಸಲು ಅತ್ತೆಯೇ ಹೇಳಿದರು. "ಇದಕ್ಕೂ ಉಣ್ಣೆಯ ಲೆಕ್ಕವೇ. ಯಾರು ಬೇಕಾದ್ರೂ ಮುಟ್ಲಿ. ಕೂಸೇ, ನಿನ್ನ ಮನೇಲಿ ಬಾಗಿಲ ಹತ್ರ ಮೊಳೆಗೆ ಹಾಕು, ಒಲೆ ಹತ್ರ ಬೇಡ." ಮಡಿಕೋಲಿಗೆ ಏರಿಸಿದ ತಪ್ಪು ನನ್ನದೆಂದು ಯಾರೂ ಆಡಲಿಲ್ಲ. ಹಿತ್ತಲಲ್ಲಿ ಗೊತ್ತಾಯಿತಲ್ಲ, ಅಡುಗೆಮನೆಯಲ್ಲಿ ಅಲ್ಲವಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಸಂಜೆ ಅತ್ತಿಗೆ ಬೆಂಕಿಪೊಟ್ಟಣ ಕೇಳಿದರು. ಮೊದಲ ಕಡ್ಡಿ ಮುರಿಯಿತು, ಎರಡನೆಯದು ಬತ್ತಿಗೆ ಮುಟ್ಟುವ ಮೊದಲೇ ಆರಿತು. ಮೂರನೆಯದಕ್ಕೆ ತುಳಸಿಯ ಮುಂದೆ ದೀಪ ಹತ್ತಿತು. ತಿರುಗಿ ನೋಡದೆಯೇ, "ನಾಳೆ ಶೃಂಗೇರಿಗೆ ಮೊದಲ ಬಸ್ಸು ಎಷ್ಟೊತ್ತಿಗೆ?" ಎಂದರು.

ಬಸ್ಸಿನ ಹೊತ್ತು ಹೇಳಿ ನಾನು ಹಿತ್ತಲಿಗೆ ಹೋದೆ. ಬಾಣಲೆಯ ತಳಕ್ಕೆ ಸೀದ ಎಣ್ಣೆ ಡಾಂಬರಿನ ಹಾಗೆ ಹಿಡಿದಿತ್ತು. ಬೂದಿ, ತೆಂಗಿನ ನಾರು ತಗೊಂಡು ತಿಕ್ಕುತ್ತ ಕೂತೆ.