ಒಂದೇ ಕೈಗೆ ಮಂಚವಾಗುವ ಮೇಜು

"ಸರ, ಕಾಲ್ ತಗೀರಿ. ಮೇಜಿನ ಮ್ಯಾಲ ನಿಂತೀರಿ."

ಗಾಬರಿಯಾಗಿ ಕೆಳಗೆ ನೋಡಿಕೊಳ್ಳುತ್ತೇನೆ. ಮೇಜೂ ಇಲ್ಲ, ಮಣೆಯೂ ಇಲ್ಲ. ಸಿಮೆಂಟು ನೆಲ, ಅದರ ಮೇಲೆ ಸೀಮೆಸುಣ್ಣದ ಗೆರೆ, ಅಷ್ಟೇ. ಭಾಂಡುಪ್‌ನಲ್ಲಿ ಮುಚ್ಚಿಹೋದ ಕಾರ್ಖಾನೆಗಳ ಸಾಲಿನ ಹಿಂದಿರುವ ಒಂದು ಗಾಲಾ ಇದು, ಅಂದರೆ ಶಟರ್ ಎಳೆದರೆ ಮುಗಿದುಹೋಗುವ ಒಂದೇ ಕೋಣೆಯ ವರ್ಕ್‌ಶಾಪ್. ಬೆಳಗಿನ ಆರೂಕಾಲು. ಹೊರಗೆ ಇನ್ನೂ ಚಹಾದವನೇ ಬಂದಿಲ್ಲ. ಒಳಗೆ ಐವತ್ತೆಂಟರ ದಾನಪ್ಪ ಬಡಿಗೇರ ಗೆರೆಯೊಳಗೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಕ್ಕಕ್ಕೆ ಹೊರಳಿ, ಎದ್ದು ಕೂತು, ಮತ್ತೆ ಮಲಗುತ್ತಿದ್ದಾರೆ. ಯಾರಾದರೂ ದಾರಿಹೋಕರು ಕಂಡರೆ ಪಾಪ, ಏನೋ ಆಗಿದೆ ಅಂತ ಆಂಬುಲೆನ್ಸ್ ಕರೆಸುತ್ತಾರೆ.

ಗೆರೆಯ ಅಳತೆ ಏಳು ಅಡಿ ಉದ್ದ, ಐದು ಅಡಿಗೆ ಒಂದಿಂಚು ಕಡಿಮೆ ಅಗಲ. ತರಕಾರಿ, ಸಿಲಿಂಡರ್, ಮನೆ ಸಾಮಾನು ಹೊರುವ ಚಿಕ್ಕ ಟ್ರಕ್ಕಿನ ಹಿಂಭಾಗ ಇರುವುದೇ ಇಷ್ಟು. ಅದರ ಮೇಲೆ ಗೂಡು ಕಟ್ಟಿಸಿ, ಒಲೆ, ನೀರು, ಹಾಸಿಗೆ ಇಟ್ಟುಕೊಂಡು ಊರೂರು ತಿರುಗುವ ಮಂದಿ ಈಗ ಹೆಚ್ಚಾಗಿದ್ದಾರೆ. ಆ ಗೂಡಿನೊಳಗೆ ಎರಡು ಸೀಟು, ನಡುವೆ ಊಟದ ಮೇಜು ಇರಬೇಕು. ಮಲಗುವ ಹೊತ್ತಿಗೆ ಅದೇ ಮೇಜು ಸೀಟಿನ ಮಟ್ಟಕ್ಕೆ ಇಳಿದು ಮಂಚವಾಗಬೇಕು. ಆ ಮೇಜನ್ನು ಯೋಚಿಸಿ ಮಾಡಿಕೊಡುವವರು ದಾನಪ್ಪ. ಆರು ವರ್ಷಗಳಲ್ಲಿ ನಲವತ್ತೊಂದು ಮಾಡಿದ್ದಾರೆ.

ನಲವತ್ತೆರಡನೆಯದು ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಪರೀಕ್ಷೆಗೆ ಕೂರುತ್ತದೆ. ಹೋದ ತಿಂಗಳು ಒಮ್ಮೆ ಫೇಲಾಗಿದೆ. ಇವತ್ತೂ ಫೇಲಾದರೆ ಬೊರಿವಲಿಯ ಒಬ್ಬ ಮನುಷ್ಯ ಮನೆ ಬಿಟ್ಟು ಹೊರಡುವ ಹಾಗಿಲ್ಲ.

"ಕಾಗದದ ಮ್ಯಾಲ ಯಾಕ ಬರೀಬೇಕ್ರಿ? ಕಾಗದದ ಮ್ಯಾಲ ಯಾರರ ಮಲಗ್ತಾರೇನು?" ಎನ್ನುವುದು ಅವರ ಪ್ರಶ್ನೆ. ಗಿರಾಕಿ ಯಾರೇ ಆಗಲಿ, ಮೊದಲು ಈ ಗೆರೆಯೊಳಗೆ ಬಂದು ಕೂರಬೇಕು, ಉಣ್ಣುವ ಹಾಗೆ ಮಾಡಬೇಕು, ಮಲಗಬೇಕು. ನಾಚಿಕೊಂಡರೆ ಕೆಲಸ ಹಿಡಿಯುವುದಿಲ್ಲ. ನನ್ನನ್ನೂ ಬಿಡಲಿಲ್ಲ. ಕೂತೆ. ಮಲಗಿದೆ. ನನ್ನ ಹೊಟ್ಟೆ ಗೆರೆ ದಾಟಿತು. "ನಿಮಗ ದೊಡ್ಡ ಗಾಡಿ ಬೇಕಾಕ್ಕೈತ್ರಿ" ಎಂದು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡರು. ಮರ್ಯಾದೆ ಹೋಯಿತು, ಇರಲಿ.

ದಾನಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಹದಿನೆಂಟಕ್ಕೆ ಮುಂಬೈಗೆ ಬಂದು, ಇದೇ ಭಾಂಡುಪ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಕಟ್ಟಿಗೆಯ ಪೆಟ್ಟಿಗೆ ಹೊಡೆಯುವ ಕೆಲಸಕ್ಕೆ ಸೇರಿದರು. ಹದಿನಾಲ್ಕು ವರ್ಷಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಕೊನೆಯ ದಿನ ಉಳಿದ ಪೆಟ್ಟಿಗೆಯ ಹಲಗೆಗಳನ್ನು ಹೊತ್ತುಕೊಂಡು ಒಂದೊಂದೇ ಕೋಣೆಯ ಮನೆಗಳ ಸಾಲಾದ ತಮ್ಮ ಚಾಳಿಗೆ ಹೋದರು. ಹತ್ತು ಬೈ ಹನ್ನೆರಡರ ಖೋಲಿ. ಅದರಲ್ಲಿ ಹೆಂಡತಿ ಮಲ್ಲವ್ವ, ಇಬ್ಬರು ಮಕ್ಕಳು, ಒಬ್ಬ ತಮ್ಮ. ಹಗಲು ಅಡಿಗೆ ಕಟ್ಟೆಯಾಗುವ, ಸಂಜೆ ಮಕ್ಕಳು ಓದುವ ಮೇಜಾಗುವ, ಆಮೇಲೆ ಮಂಚವಾಗುವ ಒಂದು ವಸ್ತು ಆ ಹಲಗೆಗಳಿಂದ ಹುಟ್ಟಿತು. ಪಕ್ಕದ ಖೋಲಿಯವರು ನೋಡಿ ನಮಗೂ ಬೇಕು ಎಂದರು. ಇಪ್ಪತ್ತು ವರ್ಷ ಚಾಳಿನಿಂದ ಚಾಳಿಗೆ ಅದೇ ಕೆಲಸ ನಡೆಯಿತು.

"ನಮಗ ಗಾಡಿ ಏನ್ ಹೊಸಾದಲ್ರಿ," ಎನ್ನುತ್ತಾರೆ. "ಖೋಲಿಗೆ ಗಾಲಿ ಹಚ್ಚಿದ್ರ ಅದ ಗಾಡಿ ಆತು."

ಗಾಡಿಯ ಮೇಲೆ ಈ ಗೂಡು, ಅಂದರೆ ಕ್ಯಾಂಪರ್, ಕಟ್ಟಿಸುವ ಕಂಪನಿಯವರ ಸ್ಟಿಕರ್ ಇರುತ್ತದೆ. ಆರ್‌ಟಿಒ ಕಾಗದ ಅವರದ್ದೇ, ಫೋಟೋವೂ ಅವರದ್ದೇ. ಕೊಂಡವರು ಮೇಜು ಇಳಿಸಿ, ಏರಿಸಿ, ವಿಡಿಯೋ ಮಾಡಿ ಹಾಕುತ್ತಾರೆ. ಲಕ್ಷಗಟ್ಟಲೆ ಜನ ನೋಡುತ್ತಾರೆ. ಇದರಲ್ಲೆಲ್ಲ ನೀವು ಎಲ್ಲಿದ್ದೀರಿ ಅಂತ ಕೇಳಿದೆ. ಖುಷಿಯಿಂದ ಮೊಬೈಲು ತೆಗೆದು ತೋರಿಸಿದರು. ಒಂದು ವಿಡಿಯೋದಲ್ಲಿ, ಎರಡು ಸೆಕೆಂಡು, ಬಾಗಿಲ ಸಂದಿಯಲ್ಲಿ ಒಂದು ಮೊಣಕೈ. "ಇದು ನಂದ!"

ಇನ್ನು ನಲವತ್ತೆರಡನೆಯದರ ಕಥೆ.

ಬೊರಿವಲಿಯ ನಂಜುಂಡ ಅವರಿಗೆ ಅರವತ್ತೇಳು. ಮಂಡ್ಯದ ಕಡೆಯವರು, ವಿಮಾ ಕಚೇರಿಯಲ್ಲಿ ನೌಕರಿ ಮಾಡಿದವರು. ಮೂವತ್ತನಾಲ್ಕು ವರ್ಷ ಬೊರಿವಲಿಯಿಂದ ಚರ್ಚ್‌ಗೇಟ್‌ಗೆ ಲೋಕಲ್‌ನಲ್ಲಿ ಓಡಾಡಿದ್ದಾರೆ, ಬಹುಪಾಲು ನಿಂತೇ. ಮೂವರ ಸೀಟಿನ ಅಂಚಿಗೆ ನಾಲ್ಕನೆಯವರಾಗಿ ಕೂತರೂ ಅದು ಕೂತ ಹಾಗಲ್ಲ ಎಂದು ಮುಂಬೈನವರಿಗೆ ಹೇಳಬೇಕಿಲ್ಲ. ನಿವೃತ್ತಿಯಾದ ಎರಡನೇ ವರ್ಷ ಲಕ್ವ ಹೊಡೆದು ಎಡಗೈ ಎಡಗಾಲು ಸೋತವು. ಅದಕ್ಕಿಂತ ದೊಡ್ಡ ತಾಪತ್ರಯ ಇನ್ನೊಂದಿದೆ. ಊಟವಾಗಿ ಹತ್ತು ಹದಿನೈದು ನಿಮಿಷಕ್ಕೆ ಕೆಲವೊಮ್ಮೆ ರಕ್ತದೊತ್ತಡ ಸರ್ರನೆ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಆಗ ತಕ್ಷಣ ಮಲಗಿಸಬೇಕು. ತಡವಾದರೆ ಬೀಳುತ್ತಾರೆ. ಎರಡು ಸಲ ಬಿದ್ದೂ ಇದ್ದಾರೆ.

ಹೆಂಡತಿ ಅಮ್ಮಣ್ಣಿಯವರಿಗೆ ಅರವತ್ತೊಂದು, ನಿವೃತ್ತ ಟೀಚರ್. ಗಂಡನಿಗೆ ಲಕ್ವ ಹೊಡೆದ ಮೇಲೆ ಡ್ರೈವಿಂಗ್ ಕಲಿತರು. ಹಟ ಹಿಡಿದು ಕಲಿತರು. ಈ ಚಿಕ್ಕ ಟ್ರಕ್ಕು ಓಡಿಸುವವರು ಅವರೇ. ಮುಂದೆ ಇಬ್ಬರಿಗೆ ಮಾತ್ರ ಜಾಗ, ಅದು ಅವರಿಬ್ಬರದೇ. ಕೊಂಕಣದ ದಾರಿಯಲ್ಲಿ ಸಮುದ್ರ ನೋಡುತ್ತಾ ಕಾರವಾರದವರೆಗೆ ಹೋಗುವ ಯೋಚನೆ.

"ಕಿಟಕಿ ಪಕ್ಕ ಕೂತು ಊಟ ಮಾಡ್ಬೇಕು, ಆಮೇಲೆ ನಿಧಾನಕ್ಕೆ ಕಾಫಿ ಕುಡೀಬೇಕು," ಎಂದು ನಂಜುಂಡ ನನಗೆ ಫೋನಿನಲ್ಲಿ ಹೇಳಿದ್ದರು. "ಯಾರೂ ಬಂದು 'ಥೋಡಾ ಸರಕೋ', ಸ್ವಲ್ಪ ಸರೀರಿ, ಅನ್ನಬಾರದು. ಇಷ್ಟೇ ಸ್ವಾಮಿ ನನ್ನ ಆಸೆ. ಊಟ ಆದ ತಕ್ಷಣ ಮಲಗಿಸಿಬಿಡಿ ಅಂತಾಳೆ ಮಗಳು. ಹಾಗೆ ಮಲಗೋಕೆ ನಾನು ಕಾರವಾರಕ್ಕೆ ಯಾಕೆ ಹೋಗ್ಲಿ? ಬೊರಿವಲೀಲೇ ಸೊಗಸಾಗಿ ಮಲಗಿದ್ದೀನಲ್ಲ!"

ಮಗಳು ರಂಜನಿ ಕಾಂದಿವಲಿಯಲ್ಲಿದ್ದಾಳೆ. ಗಾಡಿಯ ಕೀ ಅವಳ ಪರ್ಸಿನಲ್ಲಿದೆ. ಅವಳದು ಒಂದೇ ಷರತ್ತು: ಅಪ್ಪನನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅಮ್ಮ ಒಬ್ಬಳೇ ಒಂದು ನಿಮಿಷದೊಳಗೆ ಮೇಜನ್ನು ಮಂಚ ಮಾಡಿ ತೋರಿಸಬೇಕು. ಇಲ್ಲದಿದ್ದರೆ ಕೀ ಕೊಡುವುದಿಲ್ಲ.

ಹೋದ ತಿಂಗಳ ಪರೀಕ್ಷೆಯಲ್ಲಿ ಅಮ್ಮಣ್ಣಿಯವರಿಗೆ ಒಂದು ನಿಮಿಷವಲ್ಲ, ಐದು ನಿಮಿಷಕ್ಕೂ ಆಗಲಿಲ್ಲ. ಮೇಜಿನ ಒಂದು ತುದಿ ಎತ್ತಿದರೆ ಇನ್ನೊಂದು ತುದಿ ಸಿಕ್ಕಿಕೊಳ್ಳುತ್ತಿತ್ತು. ಕಾಲು ಮಡಚಲು ಬಗ್ಗಿದರೆ ಹಲಗೆ ವಾಲುತ್ತಿತ್ತು. ಅವರು ಸೋತು ಕಣ್ಣಲ್ಲಿ ನೀರು ತಂದುಕೊಂಡರು. ನಂಜುಂಡ "ಹೋಗ್ಲಿ ಬಿಡೇ" ಎಂದರು. ಆ ಮಾತು ದಾನಪ್ಪನವರಿಗೆ ಚುಚ್ಚಿತು.

"ನಲವತ್ತೊಂದು ಗಾಡಿ ಮಾಡೀನ್ರಿ, ಒಬ್ಬರೂ ಒಂದ್ ಮಾತ್ ಅಂದಿದ್ದಿಲ್ಲ. ಎಲ್ಲಿ ತಪ್ಪೇತಿ ಅನ್ನೂದ ತಿಳೀವಲ್ದು."

ತಪ್ಪು ಕಂಡುಹಿಡಿದವರು ಮಲ್ಲವ್ವ. ಆ ಸಂಜೆ ಮನೆಯಲ್ಲಿ ಎಂದಿನಂತೆ ಮಂಚ ಹಾಕುವ ಹೊತ್ತು. ಇಪ್ಪತ್ತಾರು ವರ್ಷದಿಂದ ಇವರು ಈ ತುದಿ ಎತ್ತುತ್ತಾರೆ, ಅವರು ಆ ತುದಿ ಎತ್ತುತ್ತಾರೆ. ಇವರು ಕಾಲು ಮಡಚುತ್ತಾರೆ, ಅವರು ಹಲಗೆ ಸರಿಸುತ್ತಾರೆ. ಮಾತೇ ಬೇಕಿಲ್ಲ. ಆ ದಿನ ಮಲ್ಲವ್ವ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತುಬಿಟ್ಟರು. "ಇವತ್ತ ನೀವ ಒಬ್ರ ಹಾಕ್ರಿ, ನೋಡೂಣು" ಎಂದರು.

ಹಾಕಲಾಗಲಿಲ್ಲ. ಹಲಗೆ ಜಾರಿ ಕಾಲ ಮೇಲೆ ಬಿತ್ತು. ದಾನಪ್ಪ ಚಪ್ಪಲಿ ಕಳಚಿ ನನಗೆ ಹೆಬ್ಬೆರಳು ತೋರಿಸುತ್ತಾರೆ. ಉಗುರು ಇನ್ನೂ ಕಪ್ಪಗಿದೆ.

"ಖೋಲಿಯೊಳಗ ಮನಶ್ಯಾ ಒಬ್ನ ಇರೂದ ಇಲ್ರಿ," ಎನ್ನುತ್ತಾರೆ. "ಯಾರರ ಒಬ್ರು ಇದ್ದ ಇರ್ತಾರ. ಆ ಕಡೆ ಹಿಡೀ ಅಂದ್ರ ಹಿಡೀತಾರ. ಹಿಂಗಾಗಿ ನಾ ಮಾಡಿದ್ದು ಎಲ್ಲಾ ನಾಕ್ ಕೈದ ಮೇಜು. ಎರಡ ಕೈಯವ್ರು ಇರ್ತಾರ ಅನ್ನೂದ ತಲ್ಯಾಗ ಬರಲಿಲ್ರಿ ನನಗ. ಅಮ್ಮಣ್ಣಿ ಅಕ್ಕಾರಿಗಂತೂ ಒಂದ ಕೈ."

ಎಂಥ ವಿಚಿತ್ರ ನೋಡಿ. ಜಾಗವಿಲ್ಲದವರಿಗೆ ಜಾಗ ಮಾಡಿಕೊಡುವುದರಲ್ಲಿ ಪಳಗಿದ ಮನುಷ್ಯನಿಗೆ, ಒಂಟಿಯಾಗಿ ಇರುವವರ ಕಷ್ಟ ಮಾತ್ರ ಗೊತ್ತೇ ಇರಲಿಲ್ಲ. ನನಗೆ ಈ ತಪ್ಪಿನ ಮೇಲೆ ಸಿಟ್ಟು ಬರುವುದರ ಬದಲು ಪ್ರೀತಿ ಬಂತು.

ಹಳೆಯದನ್ನು ಪೂರಾ ಕಿತ್ತುಹಾಕಿದರು. ಈಗ ಮೇಜಿಗೆ ಕಾಲೇ ಇಲ್ಲ. ಎರಡೂ ಬದಿಗೆ ಜೋಡಿ ಕಬ್ಬಿಣದ ತೋಳುಗಳಿವೆ. ಒಂದು ಪಿನ್ನು ಎಳೆದು ಅಂಗೈಯಲ್ಲಿ ಒತ್ತಿದರೆ, ಮೇಜು ಎಲ್ಲೂ ವಾಲದೆ, ನಾಲ್ಕು ಬೆರಳಿನಷ್ಟು ಆಚೆ ಸರಿದು, ಸೀಟಿನ ಮಟ್ಟಕ್ಕೆ ಬಂದು ಕೂರುತ್ತದೆ. ದಡಕ್ಕನೆ ಬೀಳದಿರಲು ಕಾರಿನ ಡಿಕ್ಕಿಯನ್ನು ಎತ್ತಿ ಹಿಡಿಯುವ ಗ್ಯಾಸಿನ ಕೊಳವೆಗಳನ್ನು ಕುರ್ಲಾದ ಗುಜರಿಯಿಂದ ಆರಿಸಿ ತಂದಿದ್ದಾರೆ. ಬೆನ್ನಿನ ಮೆತ್ತೆಗೆ ಬಟ್ಟೆಯ ಪಟ್ಟಿ ಹೊಲಿಸಿದ್ದಾರೆ, ಎಳೆದರೆ ತಾನೇ ಮಗುಚಿ ಮೇಜಿನ ಮೇಲೆ ಹಾಸಿಗೆಯಾಗುತ್ತದೆ. ಕೂತವರು ಕಾಲನ್ನು ಓಡಾಡುವ ಕಡೆಗೆ ತಿರುಗಿಸಿಕೊಂಡರೆ ಸಾಕು, ಮಂಚದ ಅಂಚಿನಲ್ಲಿ ಕೂತ ಹಾಗೆಯೇ. ಅಲ್ಲಿಂದ ಅಡ್ಡವಾಗುವುದಷ್ಟೇ ಬಾಕಿ.

ಶಟರ್ ಮುಂದೆ ನಿಂತಿರುವ ನಂಜುಂಡರ ಗಾಡಿಯೊಳಗೆ ಬೆಳಿಗ್ಗೆಯಿಂದ ಹದಿನೆಂಟು ಸಲ ಇಳಿಸಿ ಏರಿಸಿದ್ದಾರೆ, ಪ್ರತಿ ಸಲವೂ ಬಲಗೈ ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ಎಡಗೈಯಲ್ಲಿ. ಮೇಜಿನ ಮೇಲೆ ಕಂಠದವರೆಗೆ ನೀರು ತುಂಬಿದ ಒಂದು ಲೋಟ ಇಟ್ಟಿರುತ್ತಾರೆ. ಮೊದಲ ಸಲ ನೀರು ಚೆಲ್ಲಿತು. ಪಿನ್ನಿಗೆ ಮೇಣ ಉಜ್ಜಿದರು. ಆಮೇಲೆ ಚೆಲ್ಲಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ಅವರೆಲ್ಲ ಬರುತ್ತಾರೆ. ನಂಜುಂಡ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾರೆ, ಆಫೀಸಿಗೆ ಹೊರಟ ಹಾಗೆ. ಅಮ್ಮಣ್ಣಿಯವರ ಕೈಯಲ್ಲಿ ಕಾಫಿಯ ಫ್ಲಾಸ್ಕು. ಮಲ್ಲವ್ವನೂ ಚಾಳಿನ ಕೆಲಸ ಬಿಟ್ಟು ಬಂದು ಮೂಲೆಯಲ್ಲಿ ನಿಂತಿದ್ದಾರೆ. ರಂಜನಿ ನೇರವಾಗಿ ದಾನಪ್ಪನವರ ಹತ್ತಿರ ಹೋಗುತ್ತಾಳೆ. ಮುಂಬೈಯ ಹುಡುಗಿ, ಅವಳ ಕನ್ನಡದಲ್ಲಿ ಅರ್ಧ ಹಿಂದಿ.

"ಅಂಕಲ್, ನಂಗೆ ಟ್ರಿಪ್ ಬೇಡ ಅಂತಲ್ಲ. ಬಟ್ ರಸ್ತೇ ಮೇ ಮಮ್ಮಿ ಒಬ್ಳೇ ಇರ್ತಾಳೆ ನಾ? ನಂಗೆ ಡರ್ ಲಗತಾ ಹೈ."

"ಹೆದರಿಕಿ ನನಗೂ ಐತವ್ವಾ," ಎನ್ನುತ್ತಾರೆ ದಾನಪ್ಪ. "ನೋಡೂಣು."

ನಂಜುಂಡ ಗಾಡಿಯೊಳಗೆ ಕಿಟಕಿಯ ಬಳಿ ಕೂರುತ್ತಾರೆ. ಅಮ್ಮಣ್ಣಿ ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸಿ ಮೇಜಿನ ಮೇಲಿಡುತ್ತಾರೆ. ರಂಜನಿ ಮೊಬೈಲಿನಲ್ಲಿ ಗಡಿಯಾರ ಒತ್ತುತ್ತಾಳೆ. ಅಮ್ಮಣ್ಣಿಯವರ ಎಡಗೈ ಗಂಡನ ಭುಜದ ಮೇಲೆ. ಅವರ ಕಾಲು ತಿರುಗಿಸುತ್ತಾರೆ. ಬಲಗೈ ಪಿನ್ನಿಗೆ ಹೋಗುತ್ತದೆ. ಎಳೆಯುತ್ತಾರೆ. ಬರುವುದಿಲ್ಲ.

"ದಾನಪ್ಪನೋರೇ, ಸ್ವಲ್ಪ..." ಎನ್ನುತ್ತಾರೆ ಗಾಬರಿಯಲ್ಲಿ.

ದಾನಪ್ಪನವರ ಎರಡೂ ಕೈ ತಾವಾಗಿಯೇ ಮುಂದಕ್ಕೆ ಹೋಗುತ್ತವೆ. ಮಲ್ಲವ್ವ ಹಿಂದಿನಿಂದ ಗಂಡನ ಮುಂಗೈ ಗಟ್ಟಿಯಾಗಿ ಹಿಡಿದುಬಿಡುತ್ತಾರೆ. "ಸುಮ್ಮ ನಿಂದರ್ರಿ," ಎಂದು ಗದರಿ, ಅಮ್ಮಣ್ಣಿಯವರಿಗೆ ಕೂಗುತ್ತಾರೆ: "ಅಕ್ಕಾರ, ಮೊದಲ ಮೇಜು ಒಂದೀಟ ಮ್ಯಾಲ ಎತ್ರಿ, ಆಮ್ಯಾಲ ಎಳೀರಿ!"

ಪಿನ್ನು ಬಂತು. ಮೇಜು ಇಳಿಯಿತು. ಕಾಫಿಯ ನೊರೆ ಅಲುಗಿತು, ಚೆಲ್ಲಲಿಲ್ಲ. ಲೋಟ ಕಿಟಕಿಯ ಹಲಗೆಗೆ ಹೋಯಿತು, ಮೆತ್ತೆ ಮಗುಚಿತು, ನಂಜುಂಡ ಅಡ್ಡವಾದರು, ಅಮ್ಮಣ್ಣಿ ಅವರ ಕಾಲುಗಳನ್ನು ಎತ್ತಿ ಮೇಲಿಟ್ಟರು. ರಂಜನಿ ಮೊಬೈಲು ನೋಡುತ್ತಾಳೆ. ಐವತ್ತೆರಡು ಸೆಕೆಂಡು.

"ಔರ್ ಏಕ್ ಬಾರ್," ಎನ್ನುತ್ತಾಳೆ ರಂಜನಿ. ಎರಡನೇ ಸಲ ನಲವತ್ತು, ಮೂರನೇ ಸಲ ಮೂವತ್ತಮೂರು. ನಾಲ್ಕನೇ ಸಲಕ್ಕೆ ನಂಜುಂಡ ಮಲಗಿದಲ್ಲಿಂದಲೇ ಕೂಗುತ್ತಾರೆ: "ಲೇ ರಂಜು, ಸಾಕು ಕಣೇ! ಕಾಫಿ ಆರಿಹೋಗುತ್ತೆ, ನನ್ನ ಕೂರಿಸ್ರೇ!"

ರಂಜನಿ ನಗುತ್ತಾ, ಅಳುತ್ತಾ, ಪರ್ಸಿನಿಂದ ಕೀ ತೆಗೆದು ಅಮ್ಮನ ಅಂಗೈಯಲ್ಲಿ ಇಡುತ್ತಾಳೆ. ಅಮ್ಮಣ್ಣಿಯವರು ಸೆರಗಿನ ತುದಿಯಿಂದ ಮೊದಲು ಆ ಪಿನ್ನು ಒರೆಸುತ್ತಾರೆ, ಆಮೇಲೆ ಕಣ್ಣು. ಸೋಮವಾರ ಹೊರಡುತ್ತಾರಂತೆ.

ಅವರು ಹೋದ ಮೇಲೆ ಗಾಲಾ ಖಾಲಿ ಖಾಲಿ. ನಿಮಗೇನು ಆಸೆ, ಗಾಡಿಯ ಮೇಲೆ ಹೆಸರು ಹಾಕಿಸಬೇಕು ಅಂತ ಇಲ್ಲವೇ ಎಂದು ದಾನಪ್ಪನವರನ್ನು ಕೇಳುತ್ತೇನೆ. ಅವರು ಹೊಸ ಗಿರಾಕಿಗೆಂದು ಒದ್ದೆ ಬಟ್ಟೆಯಿಂದ ನೆಲದ ಗೆರೆ ಒರೆಸುತ್ತಿದ್ದಾರೆ.

"ಹೆಸರು ತಗೊಂಡ ಏನ್ ಮಾಡೂದ್ರಿ? ಒಂದ ಆಸೆ ಐತಿ. ಇಂಥಾ ತೋಳು ಇನ್ನೊಂದ್ ಜೋಡಿ ಮಾಡಿ ನಮ್ಮ ಮನಿ ಮಂಚಕ್ಕ ಹಚ್ಚಬೇಕು. ಇಕೀ ಸೊಂಟ ಈಗ ಮೊದಲಿನಂಗ ಇಲ್ರಿ. ಒಂದ ಕೈಲೆ ಆಗಿಬಿಡ್ತೈತಿ."

ಕಾಫಿ ಲೋಟ ತೊಳೆಯುತ್ತಿದ್ದ ಮಲ್ಲವ್ವ ತಿರುಗಿ ನೋಡುತ್ತಾರೆ.

"ಅಕ್ಕಾರಿಗೆ ಬೇಕಾಗಿತ್ತು, ಮಾಡಿ ಕೊಟ್ರಿ, ಛಲೋ ಆತು. ನಂಗ ಬ್ಯಾಡ. ಆ ಕಡೆ ಹಿಡಿಯಾಕ ನೀವ್ ಅದೀರಲ್ಲ."