ಕುರಮೋಚಿಯ ಖಾಲಿ ಕಾರ್ಡು

ಟೋಕಿಯೋದಲ್ಲಿ ಹುಟ್ಟಿದ ಯಾವ ಹೊಸ ಮಾತೂ ನಮ್ಮ ಕುರಮೋಚಿಯ ಕಿವಿ ತಪ್ಪಿಸಿಕೊಂಡು ಹೋದದ್ದಿಲ್ಲ. ಶಿಬುಯಾದಲ್ಲಿ ಶಾಲೆಯ ಹುಡುಗಿಯೊಬ್ಬಳು ಇಂಗ್ಲಿಷ್ ಪದದ ಬಾಲ ಕತ್ತರಿಸಿದರೆ, ಕಾಂಡಾದ ನಮ್ಮ ನಿಘಂಟು ಕಚೇರಿಯಲ್ಲಿ ಕೂತ ಅವನಿಗೆ ಕತ್ತರಿಯ ಸದ್ದು ಕೇಳಿಸುತ್ತಿತ್ತು. ಇಪ್ಪತ್ತೆಂಟು ವರ್ಷ ಅವನ ಪಕ್ಕದ ಮೇಜಿನಲ್ಲಿ ಕರಡು ತಿದ್ದಿದವನು ನಾನು. ಉಪ್ಪು ಒಂದು ಚಿಟಿಕೆ ಹೆಚ್ಚಾಗಿರಬಹುದು, ಸುಳ್ಳಂತೂ ಅಲ್ಲ.

ಅವನದೊಂದು ವ್ರತ. ಪದಕ್ಕೊಂದು ಕಾರ್ಡು; ಉದಾಹರಣೆಗೆಂದು ಕಿವಿಯಾರೆ ಕೇಳಿದ ವಾಕ್ಯವನ್ನಷ್ಟೇ ಅದಕ್ಕೆ ಇಳಿಸಬೇಕು; ಆಡಿದವರು ಯಾರು, ಎಲ್ಲಿ, ಯಾವತ್ತು, ಮೂರೂ ಇರಬೇಕು. ‘ಪಾಸೊಕೊನ್’ ಬಂದಾಗ, ಪರ್ಸನಲ್‌ನ ತಲೆಗೆ ಕಂಪ್ಯೂಟರ್‌ನ ತಲೆ ಹೊಲಿದಿದ್ದಾರೆಂದು ಮೊಮ್ಮಗು ಹುಟ್ಟಿದ ಸಂಭ್ರಮದಲ್ಲಿ ಬರೆದಿಟ್ಟ. ಆಮೇಲೆ ಆ ಪಾಸೊಕೊನೇ ಬಂದು ಅವನ ಕಾರ್ಡಿನ ಬೀರುಗಳ ಜಾಗದಲ್ಲಿ ಕೂತುಕೊಂಡಿತು.

ಆ ವರ್ಷ ಊರೆಲ್ಲ ಓಡಾಡಿದ ಪದ ‘ರಿಸುತೊರಾ’. ಕಂಪನಿಯನ್ನು ಹೊಸದಾಗಿ ಕಟ್ಟುವ ರೀಸ್ಟ್ರಕ್ಚರಿಂಗ್‌ನ ಮೋಟು ರೂಪ. ಬಾಲದ ಜೊತೆಗೆ ಕಟ್ಟುವುದೂ ಉದುರಿ, ಜನರನ್ನು ಮನೆಗೆ ಕಳಿಸುವುದಷ್ಟೇ ಉಳಿದಿತ್ತು. ಕುರಮೋಚಿಯ ಕಾರ್ಡಿನಲ್ಲಿ ಪದದ ಮೂಲ ಬಂತು, ಉದಾಹರಣೆಯ ಸಾಲು ಖಾಲಿ.

"ಪೇಪರಿನಲ್ಲಿ ಓದಿದ್ದೀನಿ. ಯಾರ ಬಾಯಲ್ಲೂ ಕೇಳಿಲ್ಲವಲ್ಲೋ!" ಎಂದ.

ನಾನು ಕರಡಿನಲ್ಲಿ ಮುಖ ಹುದುಗಿಸಿದೆ. ತಿಂಗಳಿಂದ ಕಚೇರಿಯಲ್ಲಿದ್ದವರೆಲ್ಲ ಆ ಪದವನ್ನು ಅವನ ಹೆಸರಿನ ಜೊತೆಗೇ ಆಡುತ್ತಿದ್ದರು, ಅವನು ಬಂದರೆ ಬಾಯಿ ಮುಚ್ಚುತ್ತಿದ್ದರು. ಶಿಬುಯಾವರೆಗೆ ಹೋಗುವ ಕಿವಿ ಬೆನ್ನ ಹಿಂದಕ್ಕೆ ತಿರುಗಿರಲಿಲ್ಲ. ಅಕ್ಟೋಬರಿನಲ್ಲಿ ಅವನ ಮಗಳ ಮದುವೆ. ಹುಡುಗಿಯ ಅಪ್ಪನಿಗೆ ಕೆಲಸವಿಲ್ಲವೆಂದು ಬೀಗರೆದುರು ಹೇಳುವುದು ಹೇಗೆ?

ಸೆಪ್ಟೆಂಬರಿನಲ್ಲಿ ಸಿಬ್ಬಂದಿ ವಿಭಾಗದ ನಿಶಿಗಾಕಿ ಅವನನ್ನು ಕರೆಸಿದರು. ಸಮಾಧಾನ ಹೇಳಲಿಕ್ಕೆ ನನ್ನನ್ನೂ.

"ಕುರಮೋಚಿಯವರೇ, ಕಾಲ ಬದಲಾಗಿದೆ... ತಮಗೂ ಸ್ವಲ್ಪ ವಿಶ್ರಾಂತಿ... ಮನೆಯವರ ಜೊತೆ..." ನಿಶಿಗಾಕಿ ಚಹಾದ ಬಟ್ಟಲನ್ನು ನೂರು ಸುತ್ತು ತಿರುಗಿಸಿದರು, ಒಂದು ಗುಟುಕೂ ಕುಡಿಯಲಿಲ್ಲ.

ಕುರಮೋಚಿಯ ಮುಖ ಸುಣ್ಣವಾಯಿತು. ಕೈ ಮಾತ್ರ ತಾನಾಗಿ ಜೇಬಿನಿಂದ ಆ ಕಾರ್ಡು ತೆಗೆಯಿತು.

"ಇದಕ್ಕೆ ಏನಂತಾರೆ ಸಾರ್? ಒಂದೇ ಮಾತಲ್ಲಿ ಹೇಳಿಬಿಡಿ."

"ಛೆ, ಅಂಥ ಮಾತು ನಾವು ಆಡೋದಿಲ್ಲ."

"ಒಂದೇ ಸಲ. ತಮ್ಮ ಹೆಸರು, ಜಾಗ, ತಾರೀಖು ಹಾಕ್ಕೋತೀನಿ. ನಿಘಂಟು ಇರೋ ತನಕ ಇರುತ್ತೆ."

ನಿಶಿಗಾಕಿ ನನ್ನ ಕಡೆ ನೋಡಿದರು; ನಾನು ಕಿಟಕಿಯ ಕಡೆ ನೋಡಿದೆ.

ಕುರಮೋಚಿ ಕಾರ್ಡನ್ನು ಜೇಬಿಗಿಟ್ಟು ಎದ್ದ, ಸೊಂಟ ಬಗ್ಗಿಸಿ ವಂದಿಸಿದ.

"ಹಾಗಾದ್ರೆ ನಾನೇನೂ ಕೇಳಿಸಿಕೊಂಡಿಲ್ಲ. ನಾಳೆ ಎಂಟೂವರೆಗೆ ನನ್ನ ಮೇಜಿನ ಹತ್ತಿರ ಬಂದು ಹೇಳಿ ಸಾರ್. ಪೆನ್ಸಿಲ್ ಚೂಪು ಮಾಡಿಟ್ಟಿರ್ತೀನಿ."