ಕಬಡ್ಡಿಗೆ ಬೇಕಾದ ಬಾಯಿ

ಸಹಕಾರನಗರದ ನಮ್ಮ ಶಾಲೆಯಲ್ಲಿ ಆಟದ ಪೀರಿಯಡ್ ಬಂತೆಂದರೆ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಓಟದಲ್ಲಿ ನಾನು ಅರ್ಧ ಮೈದಾನ ದಾಟುವಷ್ಟರಲ್ಲಿ ಮುಂದಿನ ಸರದಿಯ ಹುಡುಗಿಯರು ನನ್ನನ್ನು ಹಿಂದೆ ಹಾಕಿರುತ್ತಿದ್ದರು. ಥ್ರೋಬಾಲ್‌ನಲ್ಲಿ ಕಣ್ಣು ಮುಚ್ಚಿ ಕೈ ಚಾಚುತ್ತಿದ್ದೆ. ಚೆಂಡು ಕೈಯನ್ನು ಬಿಟ್ಟು ನೇರ ಹಣೆಗೇ ಬರುತ್ತಿತ್ತು.

ಏಳನೇ ಕ್ಲಾಸಿನಲ್ಲಿದ್ದಾಗ, ಸ್ಪೋರ್ಟ್ಸ್ ಡೇ ದಿನವೇ ನಮ್ಮ ಕಬಡ್ಡಿ ತಂಡದ ಒಬ್ಬಳಿಗೆ ಜ್ವರ ಬಂತು. ಯಾವ ಆಟಕ್ಕೂ ಸೇರದೆ ನೆರಳಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದವಳು ನಾನೊಬ್ಬಳೇ. ಪಿ.ಟಿ. ಸರ್ ನನ್ನನ್ನು ಕರೆದು ನಿಟ್ಟುಸಿರುಬಿಟ್ಟರು.

"ಓಡಕ್ಕೆ ಬರಲ್ಲ, ಹಿಡಿಯಕ್ಕೆ ಬರಲ್ಲ. ನಿಂಗೇನಮ್ಮಾ ಬರತ್ತೆ?"

"ಮಾತು ಬರತ್ತೆ ಸರ್," ಅಂದಳು ನನ್ನ ಬೆಂಚಿನ ಗೆಳತಿ. "ಉಸಿರೇ ಬಿಡ್ದೆ ಮಾತಾಡ್ತಾಳೆ ಇವ್ಳು."

ಸರ್ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. "ಹಾಗಾದ್ರೆ ಫಸ್ಟ್ ರೈಡ್ ನೀನೇ ಹೋಗು," ಅಂದುಬಿಟ್ಟರು.

ಸುಣ್ಣದ ಗೆರೆ ದಾಟಿ ಎರಡು ಹೆಜ್ಜೆ ಒಳಗಿಟ್ಟೆ. ಮೂರನೆಯದಕ್ಕೆ ಕಾಲು ಏಳಲಿಲ್ಲ. ಎದುರಿಗೆ ಏಳು ಜನ ಕೈ ಕೈ ಹಿಡಿದು ಬಾಗಿ ನಿಂತಿದ್ದರು. ನಾನು ಅಲ್ಲೇ ಕಂಬದಂತೆ ನಿಂತು "ಕಬಡ್ಡಿ ಕಬಡ್ಡಿ" ಶುರುಮಾಡಿದೆ. ಅದೊಂದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಬರುಬರುತ್ತಾ ನನಗೇ ಖುಷಿಯಾಗಿ ಅದಕ್ಕೊಂದು ರಾಗವನ್ನೂ ಸೇರಿಸಿದೆ.

"ಲೇ, ಒಳಗ್ ಬಾರೇ!" ಅಂತ ಆ ಕಡೆಯವರು ಕೂಗಿದರು. ಅವರ ಕ್ಯಾಪ್ಟನ್, ನನಗಿಂತ ಗೇಣುದ್ದ ಎತ್ತರದವಳು, ಬೇಕಂತಲೇ ನನ್ನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಬಾಯಿ ತುಂಬ ಆಕಳಿಸಿದಳು. ಅಂಥ ಅವಕಾಶ ಬಿಡಲಾದೀತೇ? ಅವಳ ಮೊಣಕೈ ಮುಟ್ಟಿ ಹಿಂದಕ್ಕೆ ತಿರುಗಿದೆ. ನನ್ನ ಕಾಲಿಗೆ ನನ್ನದೇ ಕಾಲು ತೊಡರಿ ಧೊಪ್ಪನೆ ಬಿದ್ದೆ. ತಲೆ ಎತ್ತಿ ನೋಡಿದರೆ ಕೈ ಗೆರೆಯ ಆಚೆ, ನಮ್ಮ ಕಡೆ!

ಸರ್ ಸೀಟಿ ಊದಿದರು. ಕ್ಯಾಪ್ಟನ್ ಔಟ್. "ಆಕಳಿಸೋವಾಗ ಮುಟ್ಟಿದ್ದು ಲೆಕ್ಕ ಇಲ್ಲ ಸರ್!" ಅಂತ ಅವಳು ಜಗಳ ತೆಗೆದಳು. ಸರ್ ಮುಖ ಆ ಕಡೆ ತಿರುಗಿಸಿ ನಕ್ಕರು.

ಎರಡನೇ ಸಲ ಹೋದಾಗ ಯಾರೂ ಆಕಳಿಸಲಿಲ್ಲ. ಉಳಿದ ಆರೂ ಜನ ಒಟ್ಟಿಗೆ ಮೇಲೆ ಬಿದ್ದರು. ಆಗಲೂ ನನ್ನ ಬಾಯಿ ನಿಂತಿರಲಿಲ್ಲ. ಯಾರೋ ಸೊಂಟಕ್ಕೆ ಕಚಗುಳಿ ಇಟ್ಟರು, ಕಬಡ್ಡಿ ಹೋಗಿ ನಗು ಬಂತು. ಕೆಳಗೆ ನಾನು, ಮೇಲೆ ಅವರು, ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಪಂದ್ಯ ಹೀನಾಯವಾಗಿ ಸೋತೆವು.

ಸಂಜೆ ಅಮ್ಮ ನನ್ನ ಯೂನಿಫಾರ್ಮ್ ನೋಡಿ ಹೌಹಾರಿದಳು. "ಎಲ್ಲಿ ಬಿದ್ದು ಬಂದೆ?"

"ಒಂದ್ಸಲ ನಾನೇ ಬಿದ್ದೆ," ಅಂದೆ. "ಇನ್ನೊಂದ್ಸಲ ಆರು ಜನ ನನ್ ಮೇಲ್ ಬಿದ್ರು!"

ಶಾಲೆಯ ಸುದ್ದಿಯನ್ನು ಅಷ್ಟು ಹೆಮ್ಮೆಯಿಂದ ನಾನು ಎಂದೂ ಹೇಳಿರಲಿಲ್ಲ.